ಮೂರು ನಿಮಿಷದ ದೀಪ

ಆಲ್ಡರ್ ಫೆರಿ, ಜಾರ್ಜಿಯಾ
ಸೆಪ್ಟೆಂಬರ್ 14, 2023

ಪ್ರತಿಭಾ ಅವರಿಗೆ,

ಭಾನುವಾರ ನೀವು ಫೋನಿನಲ್ಲಿ ಕೇಳಿದಾಗ "ಆಂಟಿ ಚೆನ್ನಾಗಿದ್ದಾರೆ" ಎಂದಷ್ಟೇ ಹೇಳಿದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಆ ಕಡೆಯವರು ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸಿದ ಕೂಡಲೇ ಎರಡು ಮಾತಿಗೇ ಮುಗಿಸಿಬಿಡುತ್ತೇನೆ. ಅದಕ್ಕೇ ಈ ಇ-ಮೇಲ್. ಕನ್ನಡ ಎಂ.ಎ. ಓದಿದವಳು, ಉದ್ದವಾದರೆ ಬೇಸರಿಸಬೇಡಿ.

ನಿಮ್ಮ ಅಮ್ಮನ ಬೇಸ್‌ಮೆಂಟಿಗೆ ನಾನು, ನನ್ನ ಗಂಡ ವೇಣು ಬಾಡಿಗೆಗೆ ಬಂದು ಒಂದು ವರ್ಷವಾಯಿತು. ರೇಣುಕಾದೇವಿ ಆಂಟಿ ಮೇಯರ್ ಚುನಾವಣೆಗೆ ನಿಂತಿರುವುದನ್ನು ನೀವು ಹವ್ಯಾಸ ಎಂದಿರಿ. ಹಾಗಲ್ಲ ಎಂದು ತಿಳಿಸಬೇಕು ಅನ್ನಿಸಿತು. ಫೆರಿ ರೋಡಿನಲ್ಲಿ ಶಾಲೆಯವರೆಗೆ ನಡೆದು ಹೋಗಲು ಸೈಡ್‌ವಾಕ್ ಇಲ್ಲ. ಮಕ್ಕಳು ಹುಲ್ಲಿನ ಅಂಚಿನಲ್ಲಿ, ಕಾರುಗಳ ಗಾಳಿ ತಾಗುವಷ್ಟು ಹತ್ತಿರದಲ್ಲಿ ನಡೆಯುತ್ತಾರೆ. ಇದನ್ನು ಹೇಳಲು, ಈ ಊರಿನ ಮಕ್ಕಳ ಡಾಕ್ಟರಾಗಿದ್ದ ಆಂಟಿ ವರ್ಷಗಳಿಂದ ಸಿಟಿ ಕೌನ್ಸಿಲ್ ಮೀಟಿಂಗಿಗೆ ಹೋಗುತ್ತಿದ್ದಾರೆ. ಊರಿನವರಿಗೆ ಅಲ್ಲಿ ತಲಾ ಮೂರು ನಿಮಿಷ. ಮೈಕಿನ ಪಕ್ಕದಲ್ಲಿ ಒಂದು ಪುಟ್ಟ ದೀಪವಿದೆ. ಮೊದಲು ಹಸಿರು, ಆಮೇಲೆ ಹಳದಿ, ಕೆಂಪಾದರೆ ಮಾತು ಮುಗಿಯಿತು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಾರು ತಾಗಿ ಕಾಲು ಮುರಿದುಕೊಂಡ ಒಬ್ಬ ಹುಡುಗಿಯ ವಿಷಯ ಹೇಳುತ್ತಿದ್ದರು. ಮಾತಿನಲ್ಲಿ ಆ ಹುಡುಗಿ ಆಸ್ಪತ್ರೆ ತಲುಪುವುದರೊಳಗೆ ದೀಪ ಕೆಂಪಾಯಿತು. "ಥ್ಯಾಂಕ್ ಯೂ, ಡಾಕ್ಟರ್" ಎಂದರು ಮೇಲೆ ಕುಳಿತ ಕೌನ್ಸಿಲಿನವರು, ಬಹಳ ಮರ್ಯಾದೆಯಿಂದ.

ವಾಪಸು ಬರುವಾಗ ಆಂಟಿ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ ಹೇಳಿದರು: "ಮೂರ ಮಿನಿಟನ್ಯಾಗ ಏನ್ ಹೇಳೂದು ತಂಗಿ? ಗಂಟಲಾ ಸರಿ ಮಾಡಿಕೊಳ್ಳೂದ್ರಾಗ ಕೆಂಪ ಹತ್ತತದ. ನಾ ಇನ್ನ ಮೈಕ್ ಮುಂದ ನಿಲ್ಲಾಂಗಿಲ್ಲ. ಆ ಕುರ್ಚಿ ಮ್ಯಾಲೇ ಕೂಡತೀನಿ."

ನಿಮ್ಮಿಬ್ಬರ ಒಪ್ಪಂದವನ್ನೂ ಹೇಳಿದರು. "ಗೆದ್ರ ಇಲ್ಲೇ. ಸೋತ್ರ ಮನಿ ಮಾರಿ ರೆಸ್ಟನ್, ಮಗಳ ಕಡೆ." ನಗುತ್ತಲೇ ಹೇಳಿದರು, ಆದರೆ ಆ ನಗು ಬಾಯಿ ದಾಟಲಿಲ್ಲ.

ಮೈಥಿಲಿ

*

ರೆಸ್ಟನ್, ವರ್ಜೀನಿಯಾ
ಸೆಪ್ಟೆಂಬರ್ 17, 2023

ಮೈಥಿಲಿ,

ಥ್ಯಾಂಕ್ಸ್. ನನ್ನ ಕನ್ನಡ ಎಂಟನೇ ಕ್ಲಾಸಿಗೇ ನಿಂತಿದೆ, ಧಾರವಾಡ ಬಿಟ್ಟ ವರ್ಷಕ್ಕೆ. ತಪ್ಪಿದ್ದರೆ ನಗಬೇಡಿ.

ಅಮ್ಮ ನಿಮಗೆ ಹೇಳಿರಲಿಕ್ಕಿಲ್ಲ. ನೀವು ಬರುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಅವರು ಗರಾಜ್ ಮೆಟ್ಟಿಲ ಮೇಲೆ ಬಿದ್ದರು. ಇಡೀ ಮಧ್ಯಾಹ್ನ ಅಲ್ಲೇ ಬಿದ್ದಿದ್ದರು. ಫೋನ್ ಅಡುಗೆಮನೆಯಲ್ಲಿತ್ತು. ನಾನು ಆವತ್ತು ನಾಲ್ಕು ಸಲ ಕಾಲ್ ಮಾಡಿ, ಎತ್ತದಿದ್ದಾಗ "ಬ್ಯುಸಿ ಇರಬಹುದು" ಎಂದುಕೊಂಡು ಮೀಟಿಂಗಿಗೆ ಹೋದೆ. ಆಮೇಲಿಂದ ಅವರು ಫೋನ್ ಎತ್ತುವುದು ಒಂದು ನಿಮಿಷ ತಡವಾದರೂ ಎತ್ತುವವರೆಗೆ ಕಾಲ್ ಮಾಡುತ್ತಲೇ ಇರುತ್ತೇನೆ.

ಆ ಒಪ್ಪಂದಕ್ಕೆ ಅವರೇ ಒಪ್ಪಿ ಮಾತು ಕೊಟ್ಟಿದ್ದಾರೆ. ನೀವು ಹೀಗೇ ಬರೆಯುತ್ತಿರಿ. ಅವರು ಊಟ ಮಾಡಿದರಾ, ಮಾತ್ರೆ ತಗೊಂಡರಾ, ಅಷ್ಟು ಸಾಕು. ನಾನು ಕೇಳಿದೆ ಎಂದು ಹೇಳಬೇಡಿ.

ಪ್ರತಿಭಾ

*

ಆಲ್ಡರ್ ಫೆರಿ
ನವೆಂಬರ್ 8, 2023

ಪ್ರೀತಿಯ ಪ್ರತಿಭಕ್ಕ,

ಹೀಗೆ ಕರೆಯಬಹುದು ತಾನೆ? ಇವತ್ತು ಯಾರನ್ನಾದರೂ ಅಕ್ಕ ಎಂದು ಕರೆಯಬೇಕು ಅನ್ನಿಸುತ್ತಿದೆ. ಆಂಟಿ ಮೊದಲನೆಯವರಾಗಿ ಬಂದರು!

ಗೆದ್ದರು ಎಂದು ಬರೆಯುವಂತಿಲ್ಲ. ಇಲ್ಲಿ ಮೇಯರ್ ಚುನಾವಣೆಯಲ್ಲಿ ಪಾರ್ಟಿಯ ಹೆಸರಿಲ್ಲ, ಬರೀ ಮನುಷ್ಯರ ಹೆಸರು. ಮೂವರಿದ್ದರು. ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರಲಿಲ್ಲ. ಹಾಗಾಗಿ ಮೇಲಿನ ಇಬ್ಬರ ನಡುವೆ ಮತ್ತೊಮ್ಮೆ ಚುನಾವಣೆ. ರನ್ಆಫ್ ಅನ್ನುತ್ತಾರೆ. ಡಿಸೆಂಬರ್ ಐದಕ್ಕೆ. ಆಂಟಿ, ಮತ್ತು ಡೇಲ್ ಪ್ರೂಯಿಟ್. ಪ್ರೂಯಿಟ್ ಅವರ ಬೋರ್ಡುಗಳನ್ನು ನೀವು ಕಳೆದ ಸಲ ಬಂದಾಗ ನೋಡಿರಬೇಕು: "ಹುಟ್ಟಿದ್ದು ಇಲ್ಲೇ." ಆಂಟಿಯ ಬೋರ್ಡಿನಲ್ಲಿ "ನಿಮ್ಮ ಮಕ್ಕಳ ಡಾಕ್ಟರ್" ಎಂದಿದೆ.

ಇಷ್ಟು ದಿನ ಸಂಜೆ ನಾನು ಅವರ ಜೊತೆ ಮನೆಮನೆಗೆ ಹೋಗುತ್ತಿದ್ದೆ. ಮಾತು ಅವರದು, ಚೀಟಿ ಹಂಚುವುದು ನನ್ನದು. ಒಬ್ಬ ಗಡ್ಡದವನು ಬಾಗಿಲು ತೆಗೆದು ಆಂಟಿಯನ್ನು ನೋಡಿ ಚಿಕ್ಕ ಹುಡುಗನಂತೆ ಹಿಂದೆ ಸರಿದ. "ನನಗೆ ನೀವು ಇಂಜೆಕ್ಷನ್ ಕೊಟ್ಟಿದ್ದಿರಿ" ಎಂದ. ಆಂಟಿ ಇಂಗ್ಲಿಷಿನಲ್ಲಿ ಅವನ ಜೊತೆ ನಕ್ಕು, ಕನ್ನಡದಲ್ಲಿ ನನಗೆ ಹೇಳಿದರು: "ಇವಾ ಕಡೀತಿದ್ದ ನೋಡು, ನನ್ನ ಕೈ!"

ನಾನು ಮೇಲೆ ಕೆಳಗೆ ಓಡಾಡುವುದನ್ನು ನೋಡಿ ವೇಣು ಛೇಡಿಸುತ್ತಾರೆ: "ಏನಮ್ಮಾ, ವೋಟೇ ಇಲ್ಲದ ಕ್ಯಾಂಪೇನ್ ಮ್ಯಾನೇಜರ್, ಇವತ್ತಾದ್ರೂ ಸಾರು ಇದ್ಯಾ?" ನಿಜ. ನಮ್ಮ ವೀಸಾಕ್ಕೆ ವೋಟಿಲ್ಲ. ಆದರೂ ನಿನ್ನೆ ಫಲಿತಾಂಶ ಬಂದಾಗ ಕೂಗಿದ್ದು ನಾನೇ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ.

ಮಾತ್ರೆ ತಗೊಂಡರು. ಊಟಕ್ಕೆ ಬರೀ ಅವಲಕ್ಕಿ.

ನಿಮ್ಮ ಮೈಥಿಲಿ

*

ರೆಸ್ಟನ್
ನವೆಂಬರ್ 9, 2023

ಮೈಥಿಲಿ,

ಹಾಗಾದರೆ ಇನ್ನೂ ಮುಗಿದಿಲ್ಲ.

ನಾನು ಎಂಟನೇ ತಾರೀಕಿಗೆ ಎಲ್ಲ ತಿಳಿಯುತ್ತದೆ ಎಂದುಕೊಂಡಿದ್ದೆ. ಇಲ್ಲಿ ನಮ್ಮ ಮನೆಯ ಕೆಳಗಿನ ರೂಮಿನ ಬಾತ್‌ರೂಮಿಗೆ ಹಿಡಿದುಕೊಳ್ಳುವ ಸರಳು ಹಾಕಲು ಜನ ಬಂದು ಹೋದರು. ಗೋಡೆಗೆ ಅಮ್ಮನಿಗೆ ಇಷ್ಟವಾದ ತಿಳಿಹಳದಿ ಬಳಿಸಿದ್ದೇನೆ. ಮಗಳು ಮಾನ್ಯಾ ಬಾಗಿಲಿಗೆ "ಅಜ್ಜಿ" ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದಾಳೆ. ಕೊನೆಯ ಅಕ್ಷರಕ್ಕೆ ದೀರ್ಘ ಎಳೆದುಬಿಟ್ಟಿದ್ದಾಳೆ, ಇರಲಿ.

ಇನ್ನೊಂದು ಮಾತು. ಅಮ್ಮ ಇಲ್ಲಿಗೆ ಬಂದರೆ ಮನೆ ಜನವರಿಯಲ್ಲಿ ಮಾರಾಟಕ್ಕೆ ಹೋಗುತ್ತದೆ. ನಿಮಗೂ ವೇಣುಗೋಪಾಲ ಅವರಿಗೂ ಬೇರೆ ಮನೆ ಹುಡುಕಲು ಟೈಮ್ ಬೇಕಲ್ಲ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ. ಅವರು ಗೆಲ್ಲಲಿ ಎಂದು ನಿಮಗೆ ಇಷ್ಟೊಂದು ಯಾಕೆ ಎಂದು ಅರ್ಥವಾಗುತ್ತದೆ. ತಪ್ಪೇನಿಲ್ಲ.

ಪ್ರತಿಭಾ

*

ಆಲ್ಡರ್ ಫೆರಿ
ನವೆಂಬರ್ 13, 2023

ಪ್ರತಿಭಕ್ಕ,

ಬೇಸ್‌ಮೆಂಟಿನ ಬಗ್ಗೆ ನೀವು ಬರೆದದ್ದನ್ನು ಓದಿದೆ. ಅದನ್ನು ಬಿಟ್ಟು, ನಿಮ್ಮಿಂದ ಮಾತ್ರ ಆಗುವ ಒಂದು ಕೆಲಸ ಕೇಳುತ್ತಿದ್ದೇನೆ.

ನಿನ್ನೆ ನಮ್ಮ ಕನ್ನಡದವರೆಲ್ಲ ಸೇರಿ ಎಲಿಮೆಂಟರಿ ಸ್ಕೂಲಿನ ಹಾಲಿನಲ್ಲಿ ದೀಪಾವಳಿ ಮಾಡಿದರು. ಆಂಟಿ ವೇದಿಕೆ ಹತ್ತಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆಂಟಿಯ ಕಣ್ಣು ತುಂಬಿತು. "ಇಷ್ಟ ಮಂದಿ ಇದ್ದ ಮ್ಯಾಲೆ ನನಗೇನ ಅಂಜಿಕಿ?" ಎಂದು ಕೆಳಗಿಳಿದ ಮೇಲೆ ನನ್ನ ಕೈ ಹಿಡಿದು ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಮುಖಗಳನ್ನು ನೋಡುತ್ತಿದ್ದೆ. ಜೋರಾಗಿ ಚಪ್ಪಾಳೆ ತಟ್ಟಿದವರೆಲ್ಲ ಹೆಚ್ಚುಕಡಿಮೆ ನಮ್ಮಂಥವರೇ. ವೀಸಾದವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು, ಊರಿನಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರು. ವೋಟಿರುವವರೆಂದರೆ ಕಲ್ಮೇಶ್ ಅಂಕಲ್, ಅವರ ಹೆಂಡತಿ ಮಹಾದೇವಕ್ಕ ಮತ್ತು ಅವರ ಬಳಗದ ಹುಬ್ಬಳ್ಳಿ ಕಡೆಯ ಮನೆಗಳು. ಅವರು ಮೂಲೆಯಲ್ಲಿ ನಿಂತು ಸೀರೆಯ ಮಾತಾಡುತ್ತಿದ್ದರು. ಅವರ ಮಗಳು ನಮ್ರತಾಳ ಮದುವೆ ಹುಬ್ಬಳ್ಳಿಯಲ್ಲಿ, ಡಿಸೆಂಬರ್ ಮೂರಕ್ಕೆ. ಆ ಮನೆಗಳವರೆಲ್ಲ ಥ್ಯಾಂಕ್ಸ್‌ಗಿವಿಂಗ್ ಆದ ಎರಡು ದಿನಕ್ಕೆ, ಶನಿವಾರ, ಒಟ್ಟಿಗೇ ಹೊರಡುತ್ತಾರೆ. ಮುಂಗಡ ವೋಟಿಂಗ್ ಶುರುವಾಗುವುದು ಅದರ ನಂತರದ ಸೋಮವಾರ.

ದಾರಿ ಇದೆ. ಅವರು ಅಂಚೆಯಲ್ಲಿ ಬ್ಯಾಲೆಟ್ ತರಿಸಿಕೊಂಡು, ತುಂಬಿ, ಹೊರಡುವ ಮೊದಲು ಹಾಕಿಬಿಡಬಹುದು. ಆದರೆ ಅದಕ್ಕೆ ಈ ವಾರವೇ ಅಪ್ಲೈ ಮಾಡಬೇಕು. ಅವರು ಮಾಡಿಲ್ಲ, ಮಾತಾಡಿಕೊಳ್ಳುತ್ತಿದ್ದುದು ಕಿವಿಗೆ ಬಿತ್ತು. ಮೊದಲ ಚುನಾವಣೆಗೂ ಅಂಚೆಯಲ್ಲೇ ಹಾಕಿದ್ದರು. ಅದೇ ರೀತಿ ಇನ್ನೊಂದು ಬ್ಯಾಲೆಟ್ ತಾನಾಗಿಯೇ ಬರುತ್ತದೆ ಎಂದುಕೊಂಡಿದ್ದಾರೆ. ಬರುವುದಿಲ್ಲ. ವಯಸ್ಸಾದವರನ್ನು ಬಿಟ್ಟು ಉಳಿದವರು ರನ್ಆಫ್‌ಗೆ ಮತ್ತೆ ಕೇಳಿಕೊಳ್ಳಬೇಕು.

ಆಂಟಿಗೆ ಹೇಳಿದೆ. ಸಿಟ್ಟಾದರು. "ಮದುವಿ ಮನ್ಯಾಗ ಹೋಗಿ ವೋಟ್ ಕೇಳೂದ? ಅಕ್ಷತಾ ಹಾಕೂ ಕೈಗೆ ಬ್ಯಾಲೆಟ್ ಕೊಡಲಿ? ಮಹಾದೇವಿ ಏನಂದಾಳು! ನನಗ ನಾಚಿಕಿ ಬರತದ. ಅವರು ಶಾಣ್ಯಾರಿದ್ದಾರ, ಮಾಡಿರತಾರ ಬಿಡು." ಮದುವೆಗೆ ಆಂಟಿಯೂ ಹೋಗಬೇಕಿತ್ತು, ಹೋಗುತ್ತಿಲ್ಲ. ಆ ಸಂಕೋಚವೂ ಸೇರಿದೆ.

ನಾನು ಹೇಳಬಹುದು. ಮೂರು ಸಲ ಮಹಾದೇವಕ್ಕನ ನಂಬರ್ ತೆಗೆದು ನೋಡಿ ಫೋನ್ ಕೆಳಗಿಟ್ಟೆ. ಬಾಡಿಗೆಗಿರುವ ಹುಡುಗಿ, ವೋಟಿಲ್ಲದವಳು, ಮದುವೆಯ ಗಲಾಟೆಯಲ್ಲಿ ಇದನ್ನು ಹೇಗೆ ಹೇಳುವುದು? ನೀವು ಅವರ ಕಣ್ಣೆದುರು ಬೆಳೆದವರು. ನೀವೊಂದು ಫೋನ್ ಮಾಡಿದರೆ ಆ ಮನೆಗಳೆಲ್ಲ ಸಂಜೆಯೊಳಗೆ ಅಪ್ಲೈ ಮಾಡುತ್ತವೆ. ಇಷ್ಟು ಮಾಡುತ್ತೀರಾ?

ಮೈಥಿಲಿ

*

ರೆಸ್ಟನ್
ನವೆಂಬರ್ 14, 2023

ಮೈಥಿಲಿ,

ಖಂಡಿತ. ನಾನು ಕಾಲ್ ಮಾಡುತ್ತೇನೆ. ನೀವು ತಲೆ ಕೆಡಿಸಿಕೊಳ್ಳಬೇಡಿ, ನೀವು ಯಾರಿಗೂ ಮಾಡುವುದು ಬೇಡ. ಎರಡೆರಡು ಕಡೆಯಿಂದ ಹೇಳಿದರೆ ಅವರಿಗೂ ಕಿರಿಕಿರಿ.

ಪ್ರತಿಭಾ

*

ಆಲ್ಡರ್ ಫೆರಿ
ನವೆಂಬರ್ 19, 2023

ಪ್ರತಿಭಕ್ಕ,

ಕಾಲ್ ಮಾಡಿದಿರಾ? ಏನೆಂದರು?

ಬಾಗಿಲು ತಟ್ಟುವುದು ಈಗ ಕಷ್ಟವಾಗಿದೆ. "ಆಗಲೇ ನಿಮಗೆ ಹಾಕಿದ್ದೀವಲ್ಲ ಡಾಕ್ಟರ್" ಎಂದು ನಗುತ್ತಾ ಬಾಗಿಲು ಮುಚ್ಚುತ್ತಾರೆ. ಇನ್ನೊಂದು ಸಲ ಹಾಕಬೇಕು ಎಂದು ವಿವರಿಸುವುದರೊಳಗೆ ಅವರ ಟಿ.ವಿ.ಯ ಸದ್ದು ಕೇಳುತ್ತದೆ. ಮೂರನೆಯ ಅಭ್ಯರ್ಥಿ ಪ್ರೂಯಿಟ್ ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಆಂಟಿ ಅದನ್ನು ನೋಡಿ "ಫೋಟೊ ಚಲೋ ಬಂದದ" ಎಂದರು. ಆಮೇಲೆ ತಮ್ಮ ಚಪ್ಪಲಿಯ ತಳ ನೋಡಿಕೊಂಡು, "ಇನ್ನೊಂದ ಓಣಿ ಮುಗಿಸೋಣು" ಎಂದರು.

ಮಾತ್ರೆ ಮರೆತಿದ್ದರು. ನಾನು ಕೊಟ್ಟೆ.

ಮೈಥಿಲಿ

*

ಆಲ್ಡರ್ ಫೆರಿ
ನವೆಂಬರ್ 26, 2023

ಪ್ರತಿಭಕ್ಕ,

ಹಿಂದಿನ ಪತ್ರಕ್ಕೆ ಉತ್ತರವಿಲ್ಲ. ಹಬ್ಬದ ರಜೆಯಲ್ಲಿರಬಹುದು.

ನಿನ್ನೆ ಅವರೆಲ್ಲ ಹೊರಟರು. ಆಂಟಿ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಖಣ ಕೊಟ್ಟು ಕಳಿಸಿದ್ದರಿಂದ ನಾನು ಕಲ್ಮೇಶ್ ಅಂಕಲ್ ಮನೆಗೆ ಹೋಗಿದ್ದೆ. ಡ್ರೈವ್‌ವೇ ತುಂಬ ಸೂಟ್‌ಕೇಸು. ಅಂಕಲ್ ತೂಕದ ಯಂತ್ರ ಹಿಡಿದು "ಮಹಾದೇವೀ, ಇದ್ರಾಗ ಏನ್ ಕಲ್ಲ ತುಂಬೀಯೇನ?" ಎಂದು ಕೂಗುತ್ತಿದ್ದರು. "ನಿಮ್ಮ ಬೀಗರಿಗೆ ಚಾಕಲೇಟ್ ರೀ, ಕಲ್ಲ ನಿಮ್ಮ ತಲ್ಯಾಗ ಐತಿ" ಎಂದು ಮಹಾದೇವಕ್ಕ ಒಳಗಿನಿಂದಲೇ ಉತ್ತರ ಕೊಟ್ಟರು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಕೇಳಿಬಿಡಬೇಕು ಎಂದು ನಿಂತೆ. ಬಾಯಿ ತೆರೆಯಲಾಗಲಿಲ್ಲ.

ಕಡೆಗೆ ಮಹಾದೇವಕ್ಕನೇ ಅಂಚೆಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗಿಟ್ಟು ಹೇಳಿದರು: "ಬ್ಯಾಲೆಟ್ ಇನ್ನಾ ಬಂದೇ ಇಲ್ಲ ನೋಡವಾ. ದಾರಿ ಕಾದ್ ಕಾದ್ ಸಾಕಾತು. ಬಂದ್ರ ಒಳಗಿಟ್ಟಿರು. ರೇಣುಕಕ್ಕಗ ಹೇಳು, ನಮ್ಮ ಮನಸ್ಸೆಲ್ಲಾ ಅಕಿ ಕಡೆನೇ ಐತಿ."

ಅಪ್ಲೈ ಮಾಡುವ ಗಡುವು ಶುಕ್ರವಾರಕ್ಕೇ ಮುಗಿಯಿತು. ನಿಮ್ಮ ಫೋನ್ ಅವರಿಗೆ ಸಿಗಲಿಲ್ಲವೆಂದು ಕಾಣುತ್ತದೆ. ಅಥವಾ ಮದುವೆಯ ಗಡಿಬಿಡಿಯಲ್ಲಿ ಮರೆತರೇನೋ. ಬರುವುದಿಲ್ಲವೆಂದು ಗೊತ್ತಿದ್ದರೂ ಇವತ್ತು ಹೋಗಿ ಅವರ ಪೆಟ್ಟಿಗೆ ತೆಗೆದು ನೋಡಿದೆ. ಪಿಜ್ಜಾದ ಕೂಪನ್ ಇತ್ತು, ಪ್ರೂಯಿಟ್ ಅವರ ಕಾರ್ಡ್ ಇತ್ತು.

ಆಂಟಿಗೆ ನಾನು ಏನೂ ಹೇಳಿಲ್ಲ. ಅವರು ಇನ್ನೂ ಆ ಮನೆಗಳನ್ನು ತಮ್ಮ ಕಡೆಗೇ ಹಿಡಿದಿದ್ದಾರೆ.

ಮೈಥಿಲಿ

*

ಆಲ್ಡರ್ ಫೆರಿ
ಡಿಸೆಂಬರ್ 6, 2023

ಪ್ರತಿಭಕ್ಕ,

ಆಂಟಿಯೇ ನಿಮಗೆ ಫೋನ್ ಮಾಡಿರುತ್ತಾರೆ. ಸೋತರು. ಮದುವೆಗೆ ಹೋದ ಮನೆಗಳ ದೊಡ್ಡವರು ಎಷ್ಟಿದ್ದರೋ, ಅಷ್ಟು ಮತಗಳ ಅಂತರವೂ ಇರಲಿಲ್ಲ.

ಪ್ರೂಯಿಟ್ ಅವರಿಗೆ ಆಂಟಿ ಫೋನ್ ಮಾಡಿ ಅಭಿನಂದಿಸಿದರು. ನಾನು ಪಕ್ಕದಲ್ಲೇ ಇದ್ದೆ. ಫೆರಿ ರೋಡಿನ ಸೈಡ್‌ವಾಕ್ ಬಗ್ಗೆ ಮಾತು ತೆಗೆದರು. ಅವರು ಒಳ್ಳೆಯ ಮನುಷ್ಯ, ಒರಟಾಗಿ ಮಾತಾಡಲಿಲ್ಲ. "ಮೀಟಿಂಗಿಗೆ ಬನ್ನಿ ಡಾಕ್ಟರ್, ನಿಮ್ಮ ಮಾತು ಕೇಳಲು ನಮಗೆ ಯಾವಾಗಲೂ ಸಂತೋಷ" ಎಂದರು. ಆಂಟಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ತಮ್ಮ ಬೋರ್ಡುಗಳನ್ನು ಒಬ್ಬರೇ ಕೀಳುತ್ತಿದ್ದರು. ನೆಲ ಬಿಗಿದಿತ್ತು. ನಾನು ಹೋಗಿ ಹಿಡಿದೆ. "ನಮ್ಮ ಮಂದಿದು ಅಂಚ್ಯಾಗ ತಡಾ ಆಗಿರಬೇಕು ತಂಗಿ" ಎಂದರು. ನಾನು "ಹೌದು ಆಂಟಿ" ಎಂದೆ.

ಮೈಥಿಲಿ

*

ರೆಸ್ಟನ್
ಡಿಸೆಂಬರ್ 7, 2023

ಮೈಥಿಲಿ,

ಅಮ್ಮ ಫೋನ್ ಮಾಡಿದ್ದರು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಕಲ್ಮೇಶ್ ಅಂಕಲ್ ಮನೆಯವರು ಮದುವೆಯಲ್ಲಿ ಮುಳುಗಿಹೋಗಿದ್ದರು, ಸಿಗುವುದೇ ಕಷ್ಟವಾಯಿತು. ಏನು ಮಾಡುವುದು, ಆಗಿದ್ದು ಆಯಿತು. ನೀವು ಅವರಿಗಾಗಿ ಮಾಡಿದ್ದಕ್ಕೆಲ್ಲ ಥ್ಯಾಂಕ್ಸ್.

ಇಪ್ಪತ್ತಕ್ಕೆ ನಾನು ಬಂದು ಪ್ಯಾಕಿಂಗ್ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಅವರು ಗರಾಜ್ ಮೆಟ್ಟಿಲು ಹತ್ತದ ಹಾಗೆ ನೋಡಿಕೊಳ್ಳಿ.

ಪ್ರತಿಭಾ

*

ಆಲ್ಡರ್ ಫೆರಿ
ಜನವರಿ 21, 2024

ಪ್ರತಿಭಾ ಅವರಿಗೆ,

ಆಂಟಿ ಅಲ್ಲಿಗೆ ಬಂದು ವಾರವಾಯಿತು. ಮೇಲಿನ ಮಹಡಿ ಖಾಲಿಯಾಗಿದೆ. ಇಲ್ಲಿ ಕೆಳಗೆ ಕುಳಿತರೆ ಫ್ರಿಜ್ ಶುರುವಾಗುವ ಸದ್ದು ಕೂಡ ದೊಡ್ಡದಾಗಿ ಕೇಳುತ್ತದೆ. ನಮಗೆ ಫೆಬ್ರವರಿಯಿಂದ ಬೇರೆ ಕಡೆ ಅಪಾರ್ಟ್‌ಮೆಂಟ್ ಸಿಕ್ಕಿದೆ. ಅದರ ಬಗ್ಗೆ ಚಿಂತಿಸಬೇಡಿ.

ಕಲ್ಮೇಶ್ ಅಂಕಲ್ ಬಳಗ ವಾಪಸು ಬಂದಿದೆ. ನಿನ್ನೆ ಕೀಲಿ ಕೊಡಲು ಹೋದಾಗ ಮಹಾದೇವಕ್ಕ ಮದುವೆಯ ಉಂಡಿ ತಿನ್ನಲು ಕೊಟ್ಟು ಕೂರಿಸಿಕೊಂಡರು. ಬ್ಯಾಲೆಟ್ ಬರಲೇ ಇಲ್ಲವೆಂದು ಹೇಳಿದೆ. ಮತ್ತೆ ಅಪ್ಲೈ ಮಾಡಬೇಕಿತ್ತು ಎಂದೂ ಈಗ ಹೇಳಿದೆ. ಅವರು ಹಣೆ ಹಿಡಿದುಕೊಂಡರು. "ಅಯ್ಯ ಶಿವನೇ! ಒಬ್ಬರರ ಒಂದ ಮಾತ ಹೇಳಬಾರದೇನವಾ? ನಮಗ ಏನ್ ಗೊತ್ತು?"

ಆಮೇಲೆ ಮದುವೆಯ ಫೋಟೊ ತೋರಿಸುತ್ತಾ, ಧಾರೆ ಸೀರೆಯ ಬಣ್ಣ ಆರಿಸಿದ್ದು ನೀವು ಎಂದರು. ನವೆಂಬರಿನಲ್ಲಿ, ದೀಪಾವಳಿ ಆದ ವಾರವೇ, ನೀವು ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದಿರಂತೆ. ಸೀರೆ, ಛತ್ರ, ಊಟದ ಎಲೆ, ಎಲ್ಲದರ ಬಗ್ಗೆ. "ಪ್ರತಿಭಾಗ ಎಷ್ಟ ಅಂತಃಕರಣ ನೋಡು, ತನ್ನ ತಂಗಿ ಮದುವಿ ಅನ್ನೂಹಂಗ ಕೇಳಿದ್ಳು" ಎಂದರು.

ಆ ಬಣ್ಣ ನಮ್ರತಾಳಿಗೆ ಚೆನ್ನಾಗಿ ಒಪ್ಪಿದೆ.

ನಾನು ಮಹಾದೇವಕ್ಕನಿಗೆ ಬೇರೇನೂ ಹೇಳಲಿಲ್ಲ. ನವೆಂಬರ್ ಹದಿಮೂರನೆಯ ತಾರೀಕು ನಾನು ನಿಮಗೆ ಬರೆಯುವ ಬದಲು ಅವರ ಬಾಗಿಲಿಗೆ ಹೋಗಬಹುದಿತ್ತು. ಇಲ್ಲಿಂದ ಎರಡು ಬೀದಿ.

ಮೈಥಿಲಿ

*

ರೆಸ್ಟನ್
ಮಾರ್ಚ್ 3, 2024

ಮೈಥಿಲಿ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು.

ಅಮ್ಮನ ಆರೋಗ್ಯ ಚೆನ್ನಾಗಿದೆ. ಬಿ.ಪಿ. ಕಂಟ್ರೋಲ್‌ನಲ್ಲಿದೆ. ಮಾತ್ರೆ ಒಂದೂ ತಪ್ಪಿಲ್ಲ. ನಾನು ಆಫೀಸಿನಿಂದ ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಾರೆ. ಫೋನ್ ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಾರೆ ಅನ್ನಿಸುತ್ತದೆ. ನಾನು ಬಯಸಿದ್ದು ಇದನ್ನೇ. ಬಾತ್‌ರೂಮಿನ ಸರಳನ್ನು ಅವರು ಮುಟ್ಟುವುದಿಲ್ಲ. ಗೋಡೆ ಹಿಡಿದು ನಡೆಯುತ್ತಾರೆ. ಹಳದಿ ಗೋಡೆಯಲ್ಲಿ ಅವರ ಕೈಯ ಗುರುತು ಸಾಲಾಗಿ ಮೂಡುತ್ತಿದೆ.

ಫೆಬ್ರವರಿಯಲ್ಲಿ ಮಹಾದೇವಕ್ಕ ಅಮ್ಮನಿಗೆ ಫೋನ್ ಮಾಡಿದ್ದರು. ಏನು ಮಾತಾಡಿದರೋ ನಾನು ಕೇಳಲಿಲ್ಲ. ನವೆಂಬರಿನಲ್ಲಿ ನಾನು ಮಾಡಿದ ಫೋನಿನ ಮಾತೂ ಬಂದಿರಬೇಕು. ಆವತ್ತು ರಾತ್ರಿ ಊಟಕ್ಕೆ ರೊಟ್ಟಿ ಮಾಡಲಾ, ಅನ್ನ ಮಾಡಲಾ ಎಂದು ಕೇಳಿದೆ. "ನಿನ್ನ ಮನಿ, ನಿನ್ನ ಮನಸಿಗೆ ಬಂದಂಗ ಮಾಡವಾ" ಎಂದರು. ಆವತ್ತಿನಿಂದ ಏನು ಕೇಳಿದರೂ ಅದೇ ಉತ್ತರ. ಮೊದಲೆಲ್ಲ ಎಷ್ಟು ಜಗಳವಾಡುತ್ತಿದ್ದರು ನನ್ನ ಜೊತೆ!

ಇಲ್ಲೂ ನಮ್ಮ ಬೀದಿಯ ತಿರುವಿನಲ್ಲಿ ಸ್ವಲ್ಪ ದೂರ ಸೈಡ್‌ವಾಕ್ ಇಲ್ಲ. ಮೊನ್ನೆ ಕಿಟಕಿಯ ಹತ್ತಿರ ಕುಳಿತವರು, ಸ್ಕೂಲ್ ಬಸ್ಸಿನಿಂದ ಇಳಿದ ಮಕ್ಕಳು ಅಲ್ಲಿ ರೋಡಿಗಿಳಿದು ನಡೆಯುವುದನ್ನು ನೋಡಿದರು. ಎದ್ದು ನಿಂತರು. ಬಹಳ ದಿನದ ಮೇಲೆ ಅವರ ಬೆನ್ನು ನೆಟ್ಟಗಾಗಿದ್ದನ್ನು ನೋಡಿದೆ.

"ಮಾನ್ಯಾ, ಈ ಊರಿನ ಮೇಯರ್ ಯಾರ?" ಎಂದು ಕೇಳಿದರು.

"ಇಲ್ಲಿ ಮೇಯರ್ ಇಲ್ಲ ಅಜ್ಜೀ" ಎಂದಳು ಅವಳು. "ರೆಸ್ಟನ್ ಈಸ್ ನಾಟ್ ಈವನ್ ಅ ಸಿಟಿ."

ಅಮ್ಮ ನನ್ನ ಕಡೆ ನೋಡಿದರು. ನಿಜ ಎಂದೆ. ರೆಸ್ಟನ್‌ಗೆ ಸಿಟಿ ಕೌನ್ಸಿಲ್ ಇಲ್ಲ, ಮೇಯರ್ ಇಲ್ಲ.

"ಹಂಗಾರ ಇಲ್ಲೆ ಆ ಮೂರ ಮಿನಿಟನೂ ಇಲ್ಲ" ಎಂದರು.

ಜಿಲ್ಲೆಯ ಮಟ್ಟದ ಕೌಂಟಿ ಬೋರ್ಡ್ ಇದೆ. ಅವರ ಮೀಟಿಂಗಿನಲ್ಲಿ ಯಾರು ಬೇಕಾದರೂ ಹೋಗಿ ಮಾತಾಡಬಹುದು. ಕಾರಿನಲ್ಲಿ ಅರ್ಧ ಗಂಟೆಯೂ ದೂರವಿಲ್ಲ. ಆದರೆ ಆ ಮೀಟಿಂಗ್ ನಡೆಯುವ ಹೊತ್ತಿಗೆ ನಾನು ಆಫೀಸಿನಲ್ಲಿರುತ್ತೇನೆ. ಹೇಳಿದರೆ ಅವರು ಒಬ್ಬರೇ ಕಾರು ತೆಗೆಯುತ್ತಾರೆ, ಅಲ್ಲಿ ಮೆಟ್ಟಿಲುಗಳಿರುತ್ತವೆ. ಅವರು ನನ್ನನ್ನೇ ನೋಡುತ್ತಾ ನಿಂತಿದ್ದರು.

"ಇಲ್ಲಮ್ಮ, ಅದೂ ಇಲ್ಲ" ಎಂದೆ.

ಅವರು ಕುಳಿತುಕೊಂಡರು. ಮಾನ್ಯಾ ಪರದೆ ಎಳೆದಳು, ಟಿ.ವಿ.ಗೆ ಬೆಳಕು ಹೊಡೆಯುತ್ತಿತ್ತು.

ಪ್ರತಿಭಾ